ಒಗ್ಗಲ್ಲಪ್ಪನಿಗೆ ಒಗ್ಗಿದ್ದು

ನನ್ನ ಚಿಕ್ಕಪ್ಪನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆ ಹೆಸರು ಹಿಡಿದು ಕೂಗಿದರೆ ಅವನೇ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಆಚೀಚೆ ನೋಡುತ್ತಿದ್ದ. ಕೆಲಸದ ಜಾಗದಲ್ಲಿ ಅವನು ಹೊಟ್ಟೆ ಮಾಸ್ತರ್, ಮನೆಯಲ್ಲಿ ಒಗ್ಗಲ್ಲಪ್ಪ. ಮನೆಯ ಹೆಸರಿಟ್ಟದ್ದು ನಮ್ಮಪ್ಪ, ಅಂದರೆ ಅವನ ಸ್ವಂತ ಅಣ್ಣ. ಹಾಲು ಹಾಕಲೇ ಎಂದು ಅಮ್ಮ ಕೇಳಿದರೆ ಚಿಕ್ಕಪ್ಪ ಲೋಟದ ಮೇಲೆ ಅಂಗೈ ಮುಚ್ಚಿ, “ಹಾಲು ನಂಗೆ ಒಗ್ಗಲ್ಲ ಅತ್ತಿಗೆ,” ಎನ್ನುತ್ತಿದ್ದ. ಮೊಟ್ಟೆ ಒಗ್ಗುತ್ತಿರಲಿಲ್ಲ, ತಿಂದರೆ ಹೊಟ್ಟೆಯಲ್ಲಿ ಗುಡುಗುಡು ಅನ್ನುತ್ತದಂತೆ. ಮೀನಿನ ನಡುವಿನ ತುಂಡು ಒಗ್ಗುತ್ತಿರಲಿಲ್ಲ, ಬಾಲ ಒಗ್ಗುತ್ತಿತ್ತು. ಫ್ಯಾನಿನ ಗಾಳಿ ಒಗ್ಗುತ್ತಿರಲಿಲ್ಲ. ಮಂಚದ ಮೇಲೆ ಬೆನ್ನು ಹಿಡಿದುಕೊಳ್ಳುತ್ತದೆ ಎಂದು ಮುಂದಿನ ಕೋಣೆಯ ನೆಲದ ಮೇಲೆ, ಬಾಗಿಲಿಗೆ ತಲೆ ಕೊಟ್ಟು ಮಲಗುತ್ತಿದ್ದ. ಬೆಳಗ್ಗೆ ಬೇಗ ಎದ್ದವರು ಅವನನ್ನು ದಾಟಿಕೊಂಡೇ ಹೊರಗೆ ಹೋಗಬೇಕು. ದಾಟುವಾಗ ಅಪ್ಪ ಕಾಲಿನಿಂದ ಮೆಲ್ಲಗೆ ತಿವಿದು, “ಏಳೋ ಒಗ್ಗಲ್ಲಪ್ಪ, ಬೆಳಕಾದ್ರೂ ಒಗ್ಗುತ್ತೋ ಇಲ್ವೋ?” ಎನ್ನುತ್ತಿದ್ದ. ಚಿಕ್ಕಪ್ಪ ನಗುತ್ತಾ ಚಾಪೆ ಸುತ್ತುತ್ತಿದ್ದ.

ನಾವೂ ನಗುತ್ತಿದ್ದೆವು. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಮಕ್ಕಳಾದ ನಾವು ಮೂವರು, ಮೇಲೆ ಚಿಕ್ಕಪ್ಪ. ಇಷ್ಟು ಜನಕ್ಕೆ ಎರಡು ಕೋಣೆ, ಒಂದು ಮುಂದಿನ ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ತಿರುಗಲಾಗದ ಅಡುಗೆಮನೆ. ಆದರೂ ನಮ್ಮ ಮನೆಯಲ್ಲಿ ಜಗಳವೆಂಬುದೇ ಇಲ್ಲ ಎಂದು ಬೀದಿಯವರು ಹೊಟ್ಟೆಕಿಚ್ಚು ಪಡುತ್ತಿದ್ದರು. ಅಮ್ಮನಿಗೆ ಅದೊಂದು ಹೆಮ್ಮೆ. ಯಾರಾದರೂ ಹೊಗಳಿದರೆ ಸೆರಗು ಸರಿಮಾಡಿಕೊಂಡು, “ನಮ್ಮನೇಲಿ ಎಲ್ರೂ ಹೊಂದ್ಕೊಂಡು ಹೋಗ್ತಾರೆ,” ಎನ್ನುತ್ತಿದ್ದಳು. ಎಲ್ರೂ ಎಂಬ ಆ ಮಾತು ನೆನಪಾದರೆ ನನಗೆ ಈಗ ಮೈ ಉರಿಯುತ್ತದೆ.

ಅಜ್ಜನದು ಗಡಿಯಾರ ರಿಪೇರಿ ಅಂಗಡಿ. ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಜಾಗ. ಒಂದು ಮೇಜು, ಒಂದು ಸ್ಟೂಲು, ಒಂದು ಕಿಟಕಿ. ಗಡಿಯಾರದ ಕೆಲಸಕ್ಕೆ ಕಿಟಕಿಯ ಬೆಳಕೇ ಬೇಕು, ಆ ಬೆಳಕಿನಲ್ಲಿ ಒಬ್ಬನೇ ಕೂರಬಹುದು. ಅಣ್ಣತಮ್ಮಂದಿರಿಬ್ಬರೂ ಅಜ್ಜನ ಹಿಂದೆ ನಿಂತು ಕೆಲಸ ಕಲಿತವರು. ತಮ್ಮನ ಕೈ ಇನ್ನೂ ನಯ ಎಂದು ಅಜ್ಜನೇ ಬಾಯಿತಪ್ಪಿ ಒಂದೆರಡು ಸಲ ಹೇಳಿದ್ದುಂಟಂತೆ. ಅಜ್ಜನ ಕಣ್ಣು ಮಂಜಾಗಿ, ಸ್ಟೂಲಿನ ಮೇಲೆ ಇನ್ನು ಯಾರು ಎಂಬ ಪ್ರಶ್ನೆ ಬಂದಾಗ ಚಿಕ್ಕಪ್ಪ ಹಣೆ ಒತ್ತಿಕೊಂಡು, “ದಿನವಿಡೀ ಆ ಟಿಕ್ ಟಿಕ್ ನಂಗೆ ಒಗ್ಗಲ್ಲಪ್ಪ, ತಲೆ ಸಿಡಿಯುತ್ತೆ,” ಎಂದ. ಹಾಗೆ ಅಂಗಡಿ ನಮ್ಮಪ್ಪನದಾಯಿತು, ಚಿಕ್ಕಪ್ಪ ಕೆರೆಯ ಪಕ್ಕದ ಮೀನಿನ ಆಫೀಸಿಗೆ ಸೇರಿಕೊಂಡ. ಅವನಿಗೆ ಹೆಣ್ಣು ನೋಡುವ ಮಾತು ಬಂದಾಗಲೂ ಅಷ್ಟೇ. ಒಂದು ಕೋಣೆಯಲ್ಲಿ ಅಜ್ಜ ಅಜ್ಜಿ, ಇನ್ನೊಂದರಲ್ಲಿ ನಾವು. ಮದುವೆ ತನಗೆ ಒಗ್ಗುವುದಿಲ್ಲ ಎಂದು ಅವನು ಅಂದಾಗ ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರಂತೆ. ನಕ್ಕು ಮುಗಿದ ಮೇಲೆ ಆ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಊಟಕ್ಕೆ ಕೂತಾಗ ಅಪ್ಪ ಹೇಳುತ್ತಿದ್ದ ಕಥೆಗಳಲ್ಲಿ ಎಲ್ಲಕ್ಕಿಂತ ಜನಪ್ರಿಯವಾದದ್ದು ಮಾತ್ರೆಯ ಕಥೆ. ಇಬ್ಬರೂ ಚಿಕ್ಕವರಿದ್ದಾಗ ಒಟ್ಟಿಗೆ ಗಂಟಲು ಊದಿ ಜ್ವರ ಬಂದಿತ್ತಂತೆ. ಅಪ್ಪನದು ಜೋರು. ಅಜ್ಜನಿಗೆ ಆ ಹೊತ್ತಿಗೆ ಸಿಕ್ಕಿದ್ದು ಒಬ್ಬನಿಗಾಗುವಷ್ಟು ಪೆನಿಸಿಲಿನ್ ಮಾತ್ರೆ. ಅರ್ಧರ್ಧ ಹಂಚೋಣ ಎಂದು ಅಜ್ಜಿ ಶುರುಮಾಡಿದಳು. ಚಿಕ್ಕಪ್ಪ ಒಂದು ಮಾತ್ರೆ ನುಂಗಿದವನೇ ಮೈಯೆಲ್ಲ ಪರಪರ ಕೆರೆದುಕೊಂಡು ನೆಲದ ಮೇಲೆ ಉರುಳಾಡಿದ. “ಕೋತಿ ಕೆರ್ಕೊಂಡ ಹಾಗೆ ಕೆರ್ಕೊಳ್ತಿದ್ದ ಕಣ್ರೋ! ಅಮ್ಮ ಹೆದರಿಬಿಟ್ಲು. ಉಳಿದಿದ್ದೆಲ್ಲ ನನ್ನ ಬಾಯಿಗೇ ಬಿತ್ತು,” ಎಂದು ಅಪ್ಪ ತಾನೂ ಕೆರೆದುಕೊಂಡು ತೋರಿಸುತ್ತಿದ್ದ. ಚಿಕ್ಕಪ್ಪ ತಟ್ಟೆಯ ಮೇಲೆ ಬಗ್ಗಿ ಬಾಲದ ಮುಳ್ಳು ಬಿಡಿಸುತ್ತಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಮೀನಿನ ಆಫೀಸಿನಲ್ಲಿ ಅವನ ಕೆಲಸ ಮೀನಿನ ಹೊಟ್ಟೆ ಬಗೆದು ಅದು ಏನು ತಿಂದಿದೆ ಎಂದು ಬೇರ್ಪಡಿಸಿ ಇಡುವುದು. “ಎಲ್ರೂ ಹೊಟ್ಟೆಪಾಡಿಗೆ ಕೆಲಸ ಮಾಡ್ತಾರೆ, ನಂದು ಮಾತ್ರ ಹೊಟ್ಟೆಯದೇ ಕೆಲಸ,” ಎಂದು ಯಾರು ಕೇಳಿದರೂ ಹೇಳುತ್ತಿದ್ದ. ಎಷ್ಟು ಸಲ ಹೇಳಿದರೂ ಅದು ಅವನಿಗೆ ಹೊಸ ತಮಾಷೆ. ನಾನು ದೊಡ್ಡವಳಾಗಿ, ಮದುವೆಯಾಗಿ, ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟ ಮೇಲೆ ಒಮ್ಮೆ ಅಲ್ಲಿಂದ ಕೆಲಸ ಬಂತು. ಮೀನಿನ ತೊಟ್ಟಿಗಳಿಗೆ ಕಪ್ಪು ಬಟ್ಟೆಯ ಮುಸುಕು ಹೊಲಿದು ಕೊಡಬೇಕಿತ್ತು. ಅಳತೆ ಸರಿಯಾಗಿದೆಯೇ ನೋಡಲು ನಾನೇ ಹೊತ್ತುಕೊಂಡು ಹೋದೆ. ಅವನು ಕೆಲಸ ಮಾಡುವುದನ್ನು ನಾನು ಕಂಡದ್ದು ಅದೊಂದೇ ಸಲ.

ಉದ್ದನೆಯ ಕೋಣೆ, ಮೂಗಿಗೆ ಹೊಡೆಯುವ ಔಷಧಿಯ ವಾಸನೆ, ಬಿಳಿ ಟೈಲ್ಸ್ ಹಾಸಿದ ಮೇಜು. ಕಿಟಕಿಯ ಬೆಳಕಿಗೆ ಮೈಯೊಡ್ಡಿ ಚಿಕ್ಕಪ್ಪ ಕೂತಿದ್ದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಸಣ್ಣ ಚಿಮಟ ಹಿಡಿದಿದ್ದ. ಒಂದು ಕ್ಷಣ ನನಗೆ ಅಪ್ಪನೇ ಅಂಗಡಿಯಲ್ಲಿ ಕೂತಂತೆ ಕಂಡಿತು. ಅದೇ ಬಾಗು, ಅದೇ ಉಸಿರು ಬಿಗಿಹಿಡಿಯುವ ರೀತಿ. ಅಂಗೈಯಗಲದ ಒಂದು ಮೀನನ್ನು ಸೀಳಿ, ಹೊಟ್ಟೆಯ ಚೀಲವನ್ನು ಹರಿಯದಂತೆ ಎತ್ತಿ, ನೀರಿದ್ದ ಗಾಜಿನ ಬಟ್ಟಲಿಗೆ ಕೊಡವಿದ. ಪಕ್ಕದಲ್ಲಿ ಅಂಥವೇ ಬಟ್ಟಲುಗಳ ಸಾಲು, ಒಂದೊಂದು ಮೀನಿಗೆ ಒಂದೊಂದು.

“ಎಲ್ಲಾನೂ ಒಂದೇ ಪಾತ್ರೆಗೆ ಸುರಿದ್ರೆ ಬೇಗ ಮುಗಿಯಲ್ವಾ ಚಿಕ್ಕಪ್ಪ?” ಎಂದೆ.

“ಹಾಗೆ ಸುರೀತಿದ್ರು ಮುಂಚೆ. ಸುರಿದು, ಈ ಜಾತಿ ಮೀನು ಎಲ್ಲಾನೂ ತಿನ್ನುತ್ತೆ ಅಂತ ಬರೀತಿದ್ರು. ಮೇಡಂ ಬಂದ ಮೇಲೆ ಒಂದೊಂದೇ ಹೊಟ್ಟೆ ಬೇರೆ ಬೇರೆ. ಬಾ, ನೋಡಿಲ್ಲಿ.”

ನೋಡಿದೆ. ಒಂದು ಬಟ್ಟಲಿನಲ್ಲಿ ಬರೀ ಬಸವನಹುಳುವಿನ ಚಿಪ್ಪಿನ ಚೂರು. ಪಕ್ಕದ್ದರಲ್ಲಿ ಚೂರೂ ಚಿಪ್ಪಿಲ್ಲ, ಎಳೆ ಎಳೆಯಾದ ಕೆಂಪು ಹುಳು. ಇನ್ನೊಂದರಲ್ಲಿ ಪಾಚಿ. ಮತ್ತೊಂದರಲ್ಲಿ ದೂಳಿನಂಥದ್ದೇನೋ, ಭೂತಗನ್ನಡಿಯಲ್ಲಿ ನೋಡಿದರೆ ಅದಕ್ಕೆ ಕಾಲುಗಳಿದ್ದವು.

“ಇವೆಲ್ಲ ಬೇರೆ ಬೇರೆ ಜಾತಿ ಮೀನಾ?”

“ಒಂದೇ ಜಾತಿ. ಒಂದೇ ಕೆರೆ, ಒಂದೇ ವಯಸ್ಸು, ಒಂದೇ ಬಲೆಗೆ ಬಿದ್ದವು,” ಎಂದ ಚಿಕ್ಕಪ್ಪ. ತಾನೇ ಸಾಕಿದ ಮಕ್ಕಳ ಬಗ್ಗೆ ಹೇಳುವ ಹಾಗೆ ಹೇಳಿದ.

ಅಷ್ಟರಲ್ಲಿ ಮೇಡಂ ಬಂದರು. ಆ ಕೋಣೆಯ ಅಧಿಕಾರಿ, ಚಿಕ್ಕಪ್ಪನಿಗಿಂತ ಬಹಳ ಚಿಕ್ಕವರು, ಮೀನಿನ ಊಟದ ಬಗ್ಗೆಯೇ ಓದಿದವರು. ನನ್ನ ಮುಸುಕುಗಳನ್ನು ತೊಟ್ಟಿಗೆ ಹಾಕಿ ನೋಡಿ, ಖುಷಿಯಾಗಿ, ತಾವೇ ವಿವರಿಸಿದರು. ಕೆರೆಯಲ್ಲಿ ಮೀನು ಕಡಿಮೆ ಇದ್ದರೆ ಎಲ್ಲವೂ ಆ ಮೆತ್ತನೆಯ ಕೆಂಪು ಹುಳುವನ್ನೇ ತಿನ್ನುತ್ತವೆ, ಎಲ್ಲಕ್ಕೂ ಇಷ್ಟವಾದದ್ದು ಅದೇ. ಮೀನು ಹೆಚ್ಚಾಗಿ ಹುಳು ಸಾಲದಾದಾಗ ಒಂದು ಬಸವನಹುಳುವಿಗೆ ಹೋಗುತ್ತದೆ, ಒಂದು ಪಾಚಿಗೆ, ಒಂದು ಮೇಲಿನ ನೀರಲ್ಲಿ ತೇಲುವ ದೂಳಿನಂಥ ಹುಳುಗಳಿಗೆ. ಹಾಗಾಗಿ ಒಂದರ ಬಾಯಿಯ ತುತ್ತಿಗೆ ಇನ್ನೊಂದು ಬಾಯಿ ಹಾಕುವುದು ತಪ್ಪುತ್ತದೆ, ಅಷ್ಟೂ ಮೀನು ಬದುಕುತ್ತವೆ.

“ಎಷ್ಟು ಒಳ್ಳೆ ಬುದ್ಧಿ!” ಎಂದೆ ನಾನು.

“ಬುದ್ಧಿನೂ ಅಲ್ಲ, ದಯೆನೂ ಅಲ್ಲ,” ಎಂದು ಮೇಡಂ ನಕ್ಕರು. “ಗುದ್ದಾಡೋದಕ್ಕಿಂತ ಬೇರೆ ಕಡೆ ಬಾಯಿ ಹಾಕೋದು ಸುಲಭ, ಅಷ್ಟೇ. ಆ ತೊಟ್ಟೀಲಿ ಅರ್ಧ ಮೀನು ತೆಗೆದು ನೋಡಿದೆ. ಉಳಿದವು ಸೀದಾ ಕೆಂಪು ಹುಳಕ್ಕೇ ವಾಪಸ್ ಬಂದ್ವು. ಇಷ್ಟಪಟ್ಟು ಯಾವುದೂ ಚಿಪ್ಪು ಕಡಿಯಲ್ಲ.”

“ಎಲ್ಲವೂ ಬರಲಿಲ್ಲ ಮೇಡಂ,” ಎಂದು ಚಿಕ್ಕಪ್ಪ ತಲೆಯೆತ್ತದೆ ನೆನಪಿಸಿದ.

“ಹೌದು. ಒಂದಷ್ಟು ಹಳೇ ಮೀನು ಬರಲಿಲ್ಲ. ಹುಳು ಮೂಗಿನ ಮುಂದೆ ತೇಲ್ತಾ ಇದ್ರೂ ತಳಕ್ಕೇ ಹೋಗಿ ಚಿಪ್ಪು ಕಡೀತಾವೆ. ವರ್ಷಗಟ್ಟಲೆ ಅದನ್ನೇ ಮಾಡಿ ಗಂಟಲಿನ ಹಲ್ಲೆಲ್ಲ ಸವೆದಿದೆ ಅವಕ್ಕೆ. ಬೇರೆ ತಿನ್ನೋದು ಮರೆತೇ ಹೋಗಿರುತ್ತೇನೋ.”

“ಒಗ್ಗಲ್ಲ ಅಂತ ಕಾಣುತ್ತೆ,” ಎಂದು ನಾನು ಚಿಕ್ಕಪ್ಪನನ್ನು ನೋಡಿ ಕಣ್ಣು ಮಿಟುಕಿಸಿದೆ. ಅವನು ನಗಲಿಲ್ಲ. ಚಿಮಟದ ತುದಿಯನ್ನು ಬಟ್ಟೆಯಿಂದ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ನನಗೆ ತಡವಾಗುತ್ತಿತ್ತು, ಹೊರಟು ಬಂದೆ.

ಆಮೇಲೆ ವರ್ಷಗಳು ಹೋದವು. ಅಜ್ಜ ಅಜ್ಜಿ ತೀರಿಕೊಂಡರು, ನಾವು ಮಕ್ಕಳು ನಮ್ಮ ನಮ್ಮ ಮನೆ ಮಾಡಿಕೊಂಡೆವು. ಮನೆಯಲ್ಲಿ ಉಳಿದದ್ದು ಮೂರೇ ಜನ. ಒಂದು ಕೋಣೆ ಪೂರ್ತಿ ಖಾಲಿ, ಅದರಲ್ಲಿ ಮಂಚ, ಮಂಚದ ಮೇಲೆ ಫ್ಯಾನು. ಚಿಕ್ಕಪ್ಪ ಮಾತ್ರ ಅದೇ ಬಾಗಿಲ ಬಳಿ ಅದೇ ಚಾಪೆಯ ಮೇಲೆ ಮಲಗುತ್ತಿದ್ದ. ಅಮ್ಮ ಬೈದಳು, ಒಂದು ಸಲ ಚಾಪೆಯನ್ನೇ ಬಚ್ಚಿಟ್ಟಳು. ಆಗ ಅವನು ಹಳೆಯ ಪರದೆ ಹಾಸಿಕೊಂಡು ಮಲಗಿದ. ಅಮ್ಮ ಸೋತು ಚಾಪೆ ಕೊಟ್ಟಳು. ಹಾಲು ಉಳಿದು ಕೆಟ್ಟುಹೋಗುತ್ತಿತ್ತು, ಅವನ ಚಹಾ ಮಾತ್ರ ಕರಿ ಚಹಾ. ಆಗಲಾದರೂ ನಮ್ಮ ತಲೆಗೆ ಹೊಳೆಯಬೇಕಿತ್ತು ಎಂದು ಈಗ ಅನಿಸುತ್ತದೆ. ದಿನಾ ಕಣ್ಣೆದುರಿಗಿದ್ದದ್ದನ್ನು ನಾವು ಯಾರೂ ನೋಡಲಿಲ್ಲ.

ಆ ವರ್ಷ ಅವನ ಹಿಮ್ಮಡಿ ಒಡೆದು ಗಾಯವಾಯಿತು. ಏನೂ ಇಲ್ಲ ಎಂದು ಬಟ್ಟೆ ಸುತ್ತಿಕೊಂಡು ಓಡಾಡಿದ. ಕೆಲವು ದಿನಕ್ಕೆ ಕಾಲು ಮೊಣಕಾಲಿನವರೆಗೂ ಊದಿ ಕೆಂಪಾಗಿ, ಮುಟ್ಟಿದರೆ ಸುಡುವ ಹಾಗಾಯಿತು. ಒಂದು ಬೆಳಗ್ಗೆ ಅಪ್ಪ ದಾಟುವಾಗ ತಿವಿದರೆ ಏಳಲಿಲ್ಲ, ಏನೇನೋ ಗೊಣಗುತ್ತಿದ್ದ. ನಾವು ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಕಾಲು ನೋಡಿ, ನಾಡಿ ನೋಡಿ, ಸೋಂಕು ರಕ್ತಕ್ಕೆ ಇಳಿದಿರಬಹುದು, ಈಗಲೇ ಇಂಜೆಕ್ಷನ್ ಶುರುಮಾಡಬೇಕು ಎಂದರು. ಆಮೇಲೆ ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದರು, “ಇವರಿಗೆ ಯಾವುದಾದ್ರೂ ಔಷಧಿ ಆಗಲ್ವಾ?”

ಅಪ್ಪ ಮುಂದೆ ಬಂದ. ಆ ಪ್ರಶ್ನೆ ಕೇಳಿದ್ದೇ ಅವನ ಧ್ವನಿಗೆ ಬಲ ಬಂತು. ಇಷ್ಟು ಹೊತ್ತು ಏನೂ ಮಾಡಲಾಗದೆ ನಿಂತವನಿಗೆ ಕೊನೆಗೂ ಮಾಡಲೊಂದು ಕೆಲಸ ಸಿಕ್ಕಿತ್ತು. “ನಮ್ಮ ತಮ್ಮನ ಮೈ ಬಗ್ಗೆ ನನ್ನ ಕೇಳಿ ಡಾಕ್ಟ್ರೆ. ಹಾಲು ಒಗ್ಗಲ್ಲ, ಮೊಟ್ಟೆ ಒಗ್ಗಲ್ಲ, ಫ್ಯಾನಿನ ಗಾಳಿ ಒಗ್ಗಲ್ಲ. ಪೆನಿಸಿಲಿನ್ ಅಂತೂ ಕೊಡ್ಲೇಬೇಡಿ. ಚಿಕ್ಕವನಿದ್ದಾಗ ಒಂದೇ ಒಂದು ಮಾತ್ರೆಗೆ ಜೀವ ಹೋಗೋ ಹಾಗಾಗಿತ್ತು. ನಾನೇ ಕಣ್ಣಾರೆ ನೋಡಿದೀನಿ.”

ಜೀವ ಹೋಗುವ ಹಾಗೆ ಆಗಿರಲಿಲ್ಲ, ತುರಿಕೆಯಾಗಿತ್ತು ಅಷ್ಟೇ ಎಂದು ಆ ಕಥೆ ನೂರು ಸಲ ಕೇಳಿದ ನಮಗೆಲ್ಲ ಗೊತ್ತು. ಆದರೆ ಹೆದರಿಕೆಯಲ್ಲಿ ಯಾರು ಅಳತೆ ಮಾಡಿ ಮಾತಾಡುತ್ತಾರೆ? ಅಮ್ಮ ಹೌದು ಹೌದು ಎಂದು ತಲೆಯಾಡಿಸಿದಳು. ಡಾಕ್ಟರು ಬೇರೆ ಔಷಧಿ ಬರೆದರು. ನರ್ಸು ಮಂಚದ ತುದಿಗೆ ಪೆನಿಸಿಲಿನ್ ಬೇಡ ಎಂಬ ಕೆಂಪು ಚೀಟಿ ಸಿಕ್ಕಿಸಿದಳು. ಅಪ್ಪ ವಾರ್ಡಿನ ಅಡುಗೆಯವರಿಗೂ ಹೋಗಿ ಹೇಳಿ ಬಂದ, ಹಾಲು ಬೇಡ, ಮೊಟ್ಟೆ ಬೇಡ, ಬರೀ ಗಂಜಿ. ಮಂಚದ ಮೇಲಿನ ಫ್ಯಾನನ್ನು ತಾನೇ ಆರಿಸಿದ. ಆ ಸೆಕೆಯಲ್ಲಿ ಅಕ್ಕಪಕ್ಕದ ರೋಗಿಗಳು ಗೊಣಗಿದರೆ ಅವರ ಮೇಲೆ ರೇಗಿದ. ಅಷ್ಟು ಪ್ರೀತಿಯಿಂದ ಅಪ್ಪ ಯಾರನ್ನೂ ನೋಡಿಕೊಂಡದ್ದು ನಾನು ಕಂಡಿಲ್ಲ.

ಕೆಲವು ದಿನ ಹಾಗೂ ಹೀಗೂ ಜಗ್ಗಿತು. ಜ್ವರ ಸ್ವಲ್ಪ ಇಳಿದು ಚಿಕ್ಕಪ್ಪನಿಗೆ ಎಚ್ಚರವಾಯಿತು. ಸೋತಿದ್ದ, ಆದರೆ ಮಾತು ಸರಿಯಾಗಿತ್ತು. ನನ್ನನ್ನು ನೋಡಿ, “ಅಂಗಡಿ ಮುಚ್ಚಿ ಬಂದ್ಯಾ? ಯಾರದಾದ್ರೂ ಮದುವೆ ಬಟ್ಟೆ ಅರ್ಧಕ್ಕೆ ನಿಂತಿದ್ರೆ ಶಾಪ ಹಾಕ್ತಾರೆ ನಂಗೆ,” ಎಂದ. ನಾವು ಗೆದ್ದೆವು ಎಂದುಕೊಂಡೆ. ಮಾರನೆಯ ದಿನ ಜ್ವರ ಮತ್ತೆ ಏರಿತು, ಕಾಲಿನ ಕೆಂಪು ತೊಡೆಗೆ ಹತ್ತಿತು. ಮಧ್ಯಾಹ್ನ ಡಾಕ್ಟರು ಕೈಯಲ್ಲಿ ಕಾಗದ ಹಿಡಿದು ಬಂದರು. ಅಪ್ಪ ಆಗ ಮಂಚದ ಪಕ್ಕ ಕೂತು ಚಮಚದಿಂದ ಗಂಜಿ ಕುಡಿಸುತ್ತಿದ್ದ.

“ರಿಪೋರ್ಟ್ ಬಂದಿದೆ,” ಎಂದರು ಡಾಕ್ಟರು, ನೇರವಾಗಿ ಚಿಕ್ಕಪ್ಪನಿಗೇ. “ಈಗ ಕೊಡ್ತಿರೋ ಔಷಧಿಗೆ ಈ ಸೋಂಕು ಬಗ್ಗುತ್ತಿಲ್ಲ. ಇದಕ್ಕೆ ಸರಿಯಾದ ಮದ್ದು ಪೆನಿಸಿಲಿನ್. ಬಂದ ದಿನಾನೇ ಕೊಟ್ಟಿದ್ರೆ ಇಷ್ಟು ಹೊತ್ತಿಗೆ ಎದ್ದು ಓಡಾಡ್ತಿದ್ರಿ. ನಿಮ್ಮ ಅಣ್ಣ ಬೇಡ ಅಂದ್ರು, ಅದಕ್ಕೆ ಕೊಡಲಿಲ್ಲ. ಈಗ ನೀವೇ ಹೇಳಿ, ಅದು ನಿಜವಾಗ್ಲೂ ನಿಮಗೆ ಆಗಲ್ವಾ?”

ಚಿಕ್ಕಪ್ಪ ಅಪ್ಪನ ಮುಖ ನೋಡಿದ. ಅಪ್ಪನ ಕೈಯ ಚಮಚ ಬಟ್ಟಲಿಗೂ ಬಾಯಿಗೂ ನಡುವೆ ನಿಂತಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಬಂದ ದಿನವೇ ಕೊಟ್ಟಿದ್ದರೆ ಎಂಬ ಮಾತು ಅವನಿಗೆ ನಾಟಿತ್ತು. ಮುಖದಲ್ಲಿ ರಕ್ತವಿರಲಿಲ್ಲ.

“ಒಗ್ಗಲ್ಲ ಡಾಕ್ಟ್ರೆ,” ಎಂದ ಚಿಕ್ಕಪ್ಪ. “ಅಣ್ಣ ಸರಿಯಾಗೇ ಹೇಳಿದಾನೆ.”

“ತಗೊಂಡ್ರೆ ಏನಾಗುತ್ತೆ?”

“ಉಸಿರು ಕಟ್ಟುತ್ತೆ.”

ಉಸಿರು ಕಟ್ಟುತ್ತದೆ ಎಂದ ಮೇಲೆ ಯಾವ ಡಾಕ್ಟರು ತಾನೇ ಕೈ ಹಾಕುತ್ತಾರೆ? ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಇನ್ನೊಂದು ಔಷಧಿ ತರಿಸಿದರು. ಅಪ್ಪ ಬಿಟ್ಟ ಉಸಿರು ನನಗೆ ಕೇಳಿಸಿತು. “ನೋಡಿದ್ಯಾ, ನಾನು ಹೇಳ್ಲಿಲ್ವಾ?” ಎಂದು ನನ್ನ ಕಡೆ ತಿರುಗಿ, ಮತ್ತೆ ಚಮಚ ಎತ್ತಿದ. ಚಿಕ್ಕಪ್ಪ ಬಾಯಿ ತೆರೆದು ಗಂಜಿ ಕುಡಿದ. ಆ ವಾರ ಮುಗಿಯುವುದರೊಳಗೆ ಒಂದು ಮಧ್ಯಾಹ್ನ, ಅಪ್ಪ ಬಿಸಿನೀರು ತರಲು ಕೆಳಗೆ ಹೋಗಿದ್ದಾಗ, ಚಿಕ್ಕಪ್ಪ ಹೋಗಿಬಿಟ್ಟ.

ಮಾತಾಡಿಸಲು ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದ. “ನಾನು ಮೊದಲೇ ಎಚ್ಚರಿಸಿದ್ದೆ. ಇಲ್ದಿದ್ರೆ ಆ ಇಂಜೆಕ್ಷನ್ ಕೊಟ್ಟು ಬಂದ ದಿನಾನೇ ಕಳಿಸಿಬಿಡ್ತಿದ್ರು. ಅಷ್ಟು ದಿನ ಆದ್ರೂ ಇದ್ದ.” ಆ ಮಾತು ಹಿಡಿದುಕೊಂಡೇ ಅಪ್ಪ ಊಟ ಮಾಡುತ್ತಿದ್ದ, ಮಲಗುತ್ತಿದ್ದ, ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಕೇಳಿದವರು, ನಿಮ್ಮಂಥ ಅಣ್ಣ ಯಾರಿಗೆ ಸಿಗುತ್ತಾರೆ ಎನ್ನುತ್ತಿದ್ದರು.

ಮೇಡಂ ಬಂದದ್ದು ಅದಾಗಿ ಸ್ವಲ್ಪ ದಿನದ ಮೇಲೆ. ದೂರದ ಯಾವುದೋ ಕೆರೆಯಲ್ಲಿ ಕೆಲಸವಿತ್ತಂತೆ, ವಾಪಸ್ಸು ಬಂದಾಗಲೇ ಅವರಿಗೆ ಸುದ್ದಿ ಸಿಕ್ಕಿದ್ದು. ಚಿಕ್ಕಪ್ಪನ ಭೂತಗನ್ನಡಿ, ಊಟದ ಡಬ್ಬಿ, ಒಂದು ಹಳೆಯ ಸ್ವೆಟರು ಕೈಚೀಲದಲ್ಲಿ ತಂದಿದ್ದರು. ನಾನೂ ಆ ದಿನ ಅಲ್ಲೇ ಇದ್ದೆ. ಮುಂದಿನ ಕೋಣೆಯಲ್ಲಿ ಕೂತು, ಅತ್ತು ಕೆಂಪಾದ ಕಣ್ಣು ಒರೆಸಿಕೊಂಡು, ಏನಾಯಿತು ಎಂದು ಕೇಳಿದರು. ಅಪ್ಪ ಹೇಳಿದ. ಹೇಳಿ, ಕೊನೆಗೆ ಆ ಮಾತನ್ನೂ ಹೇಳಿದ.

ಮೇಡಂ ಹುಬ್ಬು ಗಂಟಿಕ್ಕಿದರು. “ಪೆನಿಸಿಲಿನ್ನಾ? ಅದು ಅವರಿಗೆ ಆಗ್ತಿತ್ತಲ್ಲ! ಅದ್ಯಾವ ವರ್ಷ... ಕೈಗೆ ಬ್ಲೇಡು ತಾಗಿ ಕೀವು ತುಂಬಿತ್ತು ನೋಡಿ, ನಾನೇ ಕರ್ಕೊಂಡು ಹೋಗಿ ಹಾಕಿಸಿದ್ದೆ. ದಿನಾ ಹಾಕಿಸ್ಕೊಂಡ್ರು. ಚೂರೂ ಏನೂ ಆಗಲಿಲ್ಲ. ಮರುದಿನದಿಂದ ಕೆಲಸಕ್ಕೂ ಬಂದ್ರು.”

ನಾನು ಮೇಡಂ ಕಡೆ ಕಣ್ಣು ಮಾಡಿದೆ, ಬೇಡ ಎಂದು. ತಡವಾಗಿತ್ತು. ಅಪ್ಪ ಮೇಡಂ ತಂದ ಭೂತಗನ್ನಡಿಯನ್ನು ಕೈಗೆತ್ತಿಕೊಂಡ. ಆಮೇಲೆ ನನ್ನನ್ನು ಕೇಳಿದ, “ಡಾಕ್ಟ್ರು ಕೇಳಿದಾಗ ಅವನಿಗೆ ಎಚ್ಚರ ಇತ್ತಲ್ವಾ?”

“ಇತ್ತಪ್ಪ.”

“ಗೊತ್ತಿದ್ದೇ ಹೇಳಿದ,” ಎಂದ ಅಪ್ಪ. “ನನ್ನ ಮುಖ ನೋಡ್ದ. ನೋಡಿ, ಆಮೇಲೆ ಹೇಳ್ದ.”

ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ಹಾಗೇ ಕುಸಿದು ಕೂತಳು. “ನೀನು ಹುಟ್ಟಿದ ವರ್ಷದಿಂದ ಕಣೇ ಅವನಿಗೆ ಹಾಲು ಒಗ್ಗದೇ ಹೋಗಿದ್ದು,” ಎಂದು ನನಗೆ ಹೇಳಿದಳು. “ಅದಕ್ಕೆ ಮುಂಚೆ ಕೆನೆಗೆ ಜಗಳ ಆಡ್ತಿದ್ದ ನನ್ನ ಹತ್ರ. ನಂಗೆ ಗೊತ್ತಿತ್ತು. ಗೊತ್ತಿದ್ದು ಮರೆತ್ಬಿಟ್ಟೆ.”

ನನಗೆ ಚಿಕ್ಕಪ್ಪನ ಮೇಲೆ ಇವತ್ತಿಗೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ, ಮಾಡುತ್ತೇನೆ. ಒಂದು ಸಲ, ಒಂದೇ ಒಂದು ಸಲ, ಹೌದು ನನಗೆ ಅದು ಬೇಕು ಎಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅಪ್ಪ ಎರಡು ದಿನ ಅತ್ತು, ತನ್ನ ತಲೆ ತಾನೇ ಚಚ್ಚಿಕೊಂಡು, ಮೂರನೆಯ ದಿನ ತಮ್ಮನನ್ನು ಮನೆಗೆ ಕರೆದುಕೊಂಡು ಬರುತ್ತಿದ್ದ. ಆ ಎರಡು ದಿನದ ಅವಮಾನವನ್ನು ಅಣ್ಣನಿಗೆ ಉಳಿಸಲು ಹೋಗಿ ಪ್ರಾಣವನ್ನೇ ಕೊಟ್ಟ. ಅಥವಾ ಹಾಗೆ ಯೋಚಿಸಿಯೂ ಇರಲಿಕ್ಕಿಲ್ಲ. ಅಷ್ಟು ವರ್ಷ ಹೇಳಿ ಹೇಳಿ ಬಾಯಿಗೆ ಬೇರೆ ಮಾತೇ ಬಾರದೆ ಹೋಗಿರಬಹುದು. ದಿನಬೆಳಗಾದರೆ ಮೀನಿನ ಹೊಟ್ಟೆ ಬಗೆಯುತ್ತಿದ್ದವನಿಗೆ, ಹೊಟ್ಟೆಯೊಳಗೆ ಬಚ್ಚಿಟ್ಟದ್ದು ಒಂದಲ್ಲ ಒಂದು ದಿನ ಯಾರ ಕಣ್ಣಿಗಾದರೂ ಬೀಳುತ್ತದೆ ಎಂದು ತಿಳಿಯದೇ ಹೋಯಿತೇ? ನಾವೇನೂ ಕಡಿಮೆಯವರಲ್ಲ. ನಾವೂ ಅಷ್ಟು ಜನರ ಊಟವನ್ನು ಒಂದೇ ಪಾತ್ರೆಗೆ ಸುರಿದು, ಎಲ್ಲರೂ ಸುಖವಾಗಿದ್ದೇವೆ ಎಂದುಕೊಂಡವರು.

ಮೇಡಂಗೆ ತಾವೇನು ಮಾಡಿದೆವೆಂದು ಅರ್ಥವಾಗಿತ್ತು. ಹೊರಡಲು ಎದ್ದರು, ಕೈಚೀಲ ಹೆಗಲಿಗೇರಿಸಿದರು. “ತಪ್ಪಾಯ್ತು. ನನ್ನ ಮಾತನ್ನ ಹೊಟ್ಟೆಗೆ ಹಾಕ್ಕೊಳ್ಳಿ,” ಎಂದು ಕೈಮುಗಿದರು.

ಅಪ್ಪ ಆ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. “ಅಲ್ಲಿ ಅವನು ಮಧ್ಯಾಹ್ನ ಏನು ತಿಂತಿದ್ದ?” ಎಂದು ಕೇಳಿದ.

ಮೇಡಂ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ, ಹೇಳಿ ಎಂದು.

“ಬೇಯಿಸಿದ ಮೊಟ್ಟೆ ಅಂದ್ರೆ ಆಸೆ. ಎದುರುಗಡೆ ಅಂಗಡಿಯಿಂದ ತರಿಸ್ಕೊಳ್ಳೋರು. ಉಪ್ಪು, ಕರಿಮೆಣಸು ಹಾಕ್ಕೊಂಡು, ಕಣ್ಣು ಮುಚ್ಕೊಂಡು ತಿನ್ನೋರು.”

“ಆಮೇಲೆ?”

“ಹಾಲಿನ ಚಹಾ. ಸಕ್ಕರೆ ಜಾಸ್ತಿ.”

“ಆಮೇಲೆ?”

“ಗಡಿಯಾರ ಅಂದ್ರೆ ಪ್ರಾಣ. ಆಫೀಸಿನ ಗಡಿಯಾರ ಎಲ್ಲ ಅವರೇ ಬಿಚ್ಚಿ ಸರಿ ಮಾಡೋರು. ಕೆಡದೇ ಇದ್ದದ್ದನ್ನೂ ಬಿಚ್ಚೋರು.”

ಅಪ್ಪನ ಗಂಟಲಿನಿಂದ ಒಂದು ಸದ್ದು ಬಂತು. ಅಳುವೋ ನಗುವೋ ನನಗೆ ಗೊತ್ತಾಗಲಿಲ್ಲ. ಮೇಡಂ ನಿಲ್ಲಿಸಿದರೆ ಅವನು ಕೈಯಾಡಿಸಿ ಮುಂದೆ ಹೇಳಲು ಸನ್ನೆ ಮಾಡಿದ. ಅವರು ಹೇಳುತ್ತಾ ಹೋದರು. ಊಟವಾದ ಮೇಲೆ ಫ್ಯಾನಿನ ಕೆಳಗೆ ಅಂಗಿ ಬಿಚ್ಚಿ ಒಂದು ಗಳಿಗೆ ಮಲಗುತ್ತಿದ್ದುದು, ಕಿತ್ತಳೆ ಸಿಪ್ಪೆಯನ್ನು ಬಿಸಾಡದೆ ಮೂಸುತ್ತಾ ಕೂರುತ್ತಿದ್ದುದು, ಯಾರದೇ ಮಗು ಬಂದರೂ ಎತ್ತಿಕೊಂಡು ಹೋಗಿ ತೊಟ್ಟಿ ತೋರಿಸುತ್ತಿದ್ದುದು. ಅಪ್ಪ ಒಂದೊಂದಕ್ಕೂ ತಲೆಯಾಡಿಸಿದ. ಜೀವಮಾನವಿಡೀ ತಮ್ಮನ ಜೊತೆಗಿದ್ದವನು ಅವನ್ನೆಲ್ಲ ಮೊದಲ ಸಲ ಕೇಳುತ್ತಿದ್ದ.

“ಅಷ್ಟೇ ಅನ್ಸುತ್ತೆ,” ಎಂದರು ಮೇಡಂ ಕೊನೆಗೆ. “ಇನ್ನೇನೂ ನೆನಪಿಗೆ ಬರ್ತಿಲ್ಲ.”

“ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೊಳ್ಳಿ,” ಎಂದ ಅಪ್ಪ. “ಬರಬಹುದು.”

ಮೇಡಂ ಕೈಚೀಲವನ್ನು ಕೆಳಗಿಟ್ಟು ಮತ್ತೆ ಕೂತರು.